ಕರುಳಿನ ಏರಿ ಜಿನುಗಿದಾಗ

ಮುಂಗಾರು ಹಿಡಿದು ನಾಲ್ಕು ವಾರವಾಯಿತೆಂದರೆ ಸೊರಬ, ಶಿಕಾರಿಪುರ ತಾಲ್ಲೂಕಿನ ಹಳ್ಳಿಗಳ ಹಿರಿಯರಿಗೆ ಒಂದು ಕೆಲಸ ಹೆಚ್ಚುತ್ತದೆ. ಬೆಳಿಗ್ಗೆ ಕೊಡೆ ಹಿಡಿದು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುವುದು. ಕೆರೆಗಳೇ ಊರನ್ನು ಸಾಕಿದ ಸೀಮೆ ಇದು. ಹಾಗೆ ಹೋದವರು ನೀರು ಎಷ್ಟು ಏರಿದೆ ಎಂಬುದನ್ನಷ್ಟೇ ನೋಡಿ ಬರುವುದಿಲ್ಲ. ಏರಿಯ ಹಿಂಬದಿಗೆ ಇಳಿದು, ಹುಲ್ಲು ಸರಿಸಿ, ಎಲ್ಲಾದರೂ ಒಸರು ಕಾಣುತ್ತಿದೆಯೇ, ಏಡಿ ಬಿಲ ಕೊರೆದಿದೆಯೇ ಎಂದು ಹುಡುಕುತ್ತಾರೆ. ಏರಿ ಒಡೆಯುವುದು ಒಂದೇ ರಾತ್ರಿಯಲ್ಲಿ ಇರಬಹುದು. ಅದು ಜಿನುಗಲು ತೊಡಗುವುದು ಎಷ್ಟೋ ದಿನ ಮೊದಲೇ.

ಮನುಷ್ಯನ ಹೊಟ್ಟೆಯೊಳಗೂ ಇಂಥದೊಂದು ಏರಿ ಇದೆ. ಕರುಳಿನ ಒಳಮೈಗೆ ಹಾಸಿಕೊಂಡಿರುವ, ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಅದು. ಅದರ ಒಂದು ಬದಿಯಲ್ಲಿ ಜೀರ್ಣವಾಗುತ್ತಿರುವ ಆಹಾರ ಮತ್ತು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇನ್ನೊಂದು ಬದಿಯಲ್ಲಿ ರಕ್ತನಾಳಗಳು. ಎರಡೂ ಬೆರೆಯದಂತೆ ತಡೆಯುತ್ತಲೇ ನೀರು, ಉಪ್ಪು, ಸಕ್ಕರೆಯಂಥವನ್ನು ಒಳಗೆ ಬಿಟ್ಟುಕೊಳ್ಳುವ ಈ ಪದರ ಪ್ರತಿ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಇದಕ್ಕೆ ಉರಿಯೂತ ತಗುಲಿದಾಗ ಏರಿ ಜಿನುಗುತ್ತದೆ. ಹಾಗೆ ಜಿನುಗುತ್ತಿದೆಯೇ, ಎಷ್ಟು ಜಿನುಗುತ್ತಿದೆ ಎಂಬುದನ್ನು ವೋಲ್ಟ್ ಮತ್ತು ಓಮ್‌ಗಳಲ್ಲಿ ಅಳೆಯಬಹುದು ಎಂದರೆ ಹತ್ತನೆಯ ತರಗತಿಯಲ್ಲಿ ಓಮ್‌ನ ನಿಯಮ ಓದುತ್ತಿರುವ ವಿದ್ಯಾರ್ಥಿಗೂ ಅಚ್ಚರಿಯಾಗಬಹುದು.

ಹೇಳಲು ನಾಚುವ ಕಾಯಿಲೆ

ಶಿಕಾರಿಪುರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವ, ಸೊರಬದ ಕಡೆಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ ಐದಾರು ಸಲ ಹೊರಗೆ ಹೋಗಬೇಕು. ಮಲದಲ್ಲಿ ಲೋಳೆ, ಒಮ್ಮೊಮ್ಮೆ ರಕ್ತ. ರಜೆಗೆ ಊರಿಗೆ ಬಂದಾಗ ತಾಯಿ ಕೇಳುತ್ತಾಳೆ: ‘ಎಂತಾಯ್ತೋ, ಇಷ್ಟು ಇಳಿದು ಹೋಗಿದೀಯಲ್ಲ?’ ಮಗನ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಏನಿಲ್ಲಮ್ಮ, ಹಾಸ್ಟೆಲ್ ಊಟ ಒಗ್ಗಿಲ್ಲ.’ ಮಾತು ಅಲ್ಲಿಗೇ ನಿಲ್ಲುತ್ತದೆ. ಗೆಳೆಯನೊಬ್ಬ ಮೂಲವ್ಯಾಧಿ ಇರಬೇಕೆನ್ನುತ್ತಾನೆ. ಇನ್ನೊಬ್ಬ ಆಮಶಂಕೆಯ ಮಾತ್ರೆಯ ಹೆಸರು ಹೇಳುತ್ತಾನೆ. ಮಾತ್ರೆ ನುಂಗಿದ ನಾಲ್ಕು ದಿನ ಹಗುರವೆನಿಸಿ, ಮತ್ತೆ ಅದೇ ಪಾಡು.

ಆಮಶಂಕೆಯೂ ಇರಬಹುದು, ಮೂಲವ್ಯಾಧಿಯೂ ಇರಬಹುದು. ಆದರೆ ವಾರಗಟ್ಟಲೆ ಬಿಡದ ರಕ್ತಭೇದಿಗೆ ಇನ್ನೊಂದು ಕಾರಣವೂ ಇದೆ. ಅದು ದೊಡ್ಡ ಕರುಳಿನ ಒಳಪೊರೆಗೆ ಬರುವ ದೀರ್ಘಕಾಲದ ಉರಿಯೂತ, ವೈದ್ಯರ ಮಾತಿನಲ್ಲಿ ಅಲ್ಸರೇಟಿವ್ ಕೊಲೈಟಿಸ್. ಇದರ ದಾಯಾದಿಯಂತಿರುವ ಕ್ರೋನ್ಸ್ ಕಾಯಿಲೆ ಜೀರ್ಣಾಂಗದ ಯಾವ ಭಾಗಕ್ಕಾದರೂ ತಗುಲಬಹುದು. ಎರಡೂ ಸಾಮಾನ್ಯವಾಗಿ ತಲೆ ಎತ್ತುವುದು ಹದಿಹರೆಯ ಮತ್ತು ಯೌವನದಲ್ಲಿ, ಅಂದರೆ ಓದು, ಪರೀಕ್ಷೆ, ಕೆಲಸ ಹುಡುಕುವ ವಯಸ್ಸಿನಲ್ಲೇ. ಇವು ಅಂಟುರೋಗಗಳಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕರುಳಿನ ಗೋಡೆಯ ಮೇಲೆ ಎಡೆಬಿಡದೆ ಕೆರಳಿ ನಿಲ್ಲುವುದು ಇವುಗಳ ಮೂಲ. ಹೊಟ್ಟೆನೋವು ಎಷ್ಟಿದೆ ಎಂಬುದರಿಂದ ಒಳಗಿನ ಉರಿಯೂತ ಎಷ್ಟೆಂದು ಹೇಳಲಾಗುವುದಿಲ್ಲ. ನೋವು ಕಡಿಮೆಯಿದ್ದೂ ಕರುಳು ಹುಣ್ಣಾಗಿರಬಹುದು. ನೋವು ಬಹಳವಿದ್ದೂ ಕರುಳು ನಿರ್ಮಲವಾಗಿರಬಹುದು. ಆದ್ದರಿಂದಲೇ ನೋವಿನ ಮಾತನ್ನು ಮೀರಿದ ಒಂದು ಅಳತೆಗಾಗಿ ವಿಜ್ಞಾನಿಗಳು ಹುಡುಕಿದರು. ಆ ಹುಡುಕಾಟದ ಒಂದು ಕವಲು ವಿದ್ಯುತ್ತಿನದು.

ಕಪ್ಪೆಯ ಚರ್ಮದಿಂದ ಕರುಳಿಗೆ

ಜೀವಿಗಳ ದೇಹದಲ್ಲಿ ವಿದ್ಯುತ್ತಿದೆ ಎಂಬುದು ಹೊಸ ಮಾತಲ್ಲ. ಇಟಲಿಯ ಗಾಲ್ವಾನಿ ಕಪ್ಪೆಯ ಕಾಲಿನ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದ್ದು 1791ರಲ್ಲಿ. ಹೃದಯದ ವಿದ್ಯುತ್ತನ್ನು ಬರೆದಿಡುವ ಇ.ಸಿ.ಜಿ. ಯಂತ್ರಕ್ಕಾಗಿ ಹಾಲೆಂಡಿನ ಐಂತೋವನ್‌ಗೆ 1924ರ ನೊಬೆಲ್ ಪಾರಿತೋಷಕ ಬಂತು. ಇಂದು ಇ.ಸಿ.ಜಿ. ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯನ್ನು ಊಹಿಸುವುದೇ ಕಷ್ಟ.

ಕರುಳಿನ ಕಥೆ ತೊಡಗುವುದೂ ಕಪ್ಪೆಯಿಂದಲೇ. ಕಪ್ಪೆಯ ಚರ್ಮದ ಹೊರಮೈ ಮತ್ತು ಒಳಮೈ ನಡುವೆ ವಿಭವಾಂತರ ಇದೆ ಎಂಬುದನ್ನು ಜರ್ಮನಿಯ ದು ಬುವಾ-ರೇಮಂಡ್ 1840ರ ದಶಕದಲ್ಲೇ ಕಂಡಿದ್ದ. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದು ನೂರು ವರ್ಷ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಿದವನು ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್. 1951ರಲ್ಲಿ ಪ್ರಕಟವಾದ ಅವನ ಪ್ರಯೋಗ ಸರಳ ಸುಂದರ. ಒಂದು ಪೆಟ್ಟಿಗೆಯ ನಡುವೆ ಕಪ್ಪೆಯ ಚರ್ಮವನ್ನು ತೆರೆಯಂತೆ ಬಿಗಿದು, ಎರಡೂ ಬದಿಗೆ ಒಂದೇ ಬಗೆಯ ಉಪ್ಪುನೀರು ತುಂಬಿದ. ಎರಡೂ ಬದಿ ಒಂದೇ ಆಗಿದ್ದರೂ ವೋಲ್ಟ್‌ಮಾಪಕದ ಮುಳ್ಳು ಅಲ್ಲಾಡಿತು. ಹೊರಗಿನಿಂದ ವಿದ್ಯುತ್ ಹರಿಸಿ ಆ ವಿಭವಾಂತರವನ್ನು ಸೊನ್ನೆಗೆ ತಂದ. ಅದಕ್ಕೆ ಬೇಕಾದ ಪ್ರವಾಹ, ಚರ್ಮ ದಾಟಿ ಹೋಗುತ್ತಿದ್ದ ಸೋಡಿಯಂ ಅಯಾನುಗಳ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಅಂದರೆ ಚರ್ಮದ ಜೀವಕೋಶಗಳು ಸುಮ್ಮನೆ ಕುಳಿತಿಲ್ಲ. ಅವು ಉಪ್ಪಿನ ಸೋಡಿಯಂ ಅನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪಂಪ್ ಮಾಡುತ್ತಿವೆ. ಅಯಾನಿಗೆ ಧನ ವಿದ್ಯುದಂಶ ಇರುವುದರಿಂದ ಅದು ಸಾಗಿದರೆ ವಿದ್ಯುತ್ ಸಾಗಿದಂತೆಯೇ.

ಆ ಪಂಪನ್ನು ಡೆನ್ಮಾರ್ಕಿನವನೇ ಆದ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ. ಸೊರಬದವರಿಗೆ ಆ ವರ್ಷ ಬೇರೆಯೇ ಕಾರಣಕ್ಕೆ ನೆನಪು. ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆ ಲೋಕಕ್ಕೆ ಗೊತ್ತಾದ ವರ್ಷ ಅದು. ಸ್ಕೌಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ನಲವತ್ತು ವರ್ಷದ ನಂತರ, 1997ರಲ್ಲಿ.

ಕರುಳಿನ ಪದರವೂ ಕಪ್ಪೆಯ ಚರ್ಮದ ಹಾಗೆಯೇ ದುಡಿಯುತ್ತದೆ. ಕುಡಿದ ನೀರು, ಜೀರ್ಣರಸಗಳು ಎಲ್ಲ ಸೇರಿ ದಿನಕ್ಕೆ ಸುಮಾರು ಎಂಟರಿಂದ ಒಂಬತ್ತು ಲೀಟರ್ ದ್ರವ ಕರುಳಿಗೆ ಬರುತ್ತದೆ. ಹೊರಗೆ ಹೋಗುವುದು ನೂರರಿಂದ ಇನ್ನೂರು ಮಿಲಿಲೀಟರ್ ಮಾತ್ರ. ಸೋಡಿಯಂ ಒಳಗೆ ಹೋದರೆ ಅದರ ಬೆನ್ನಿಗೆ ನೀರೂ ಹೋಗುತ್ತದೆ. ಸಣ್ಣ ಕರುಳಿನಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ಒಳಹೋಗುತ್ತವೆ ಎಂಬುದನ್ನು ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದ. ಇಂದು ಅಂಗನವಾಡಿಯಲ್ಲೂ ಸಿಗುವ ಓ.ಆರ್.ಎಸ್. ಪೊಟ್ಟಣದ ಹಿಂದಿರುವ ತತ್ವ ಇದೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲಾನಬಿಸ್ ಉಪ್ಪು-ಸಕ್ಕರೆಯ ನೀರು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದ್ದು ಇದೇ ತಿಳಿವಳಿಕೆಯ ಬಲದಿಂದ. ಜೀವಕೋಶದ ವಿದ್ಯುತ್ ಪ್ರಯೋಗಾಲಯದ ಆಟವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಂಪೂ ಏರಿಯೂ

ಮತ್ತೆ ಕೆರೆಗೆ ಬರೋಣ. ತಗ್ಗಿನಲ್ಲಿರುವ ಹಳ್ಳದಿಂದ ಪಂಪ್‌ಸೆಟ್ಟಿನಲ್ಲಿ ನೀರೆತ್ತಿ ಕೆರೆ ತುಂಬಿಸುತ್ತಿದ್ದಾರೆ ಎಂದುಕೊಳ್ಳಿ. ಕೆರೆಯ ಮಟ್ಟಕ್ಕೂ ಹಳ್ಳದ ಮಟ್ಟಕ್ಕೂ ಇರುವ ಅಂತರ ಎರಡು ಸಂಗತಿಗಳನ್ನು ಅವಲಂಬಿಸಿದೆ: ಪಂಪು ಎಷ್ಟು ಚೆನ್ನಾಗಿ ಎತ್ತುತ್ತದೆ ಮತ್ತು ಏರಿ ಎಷ್ಟು ಚೆನ್ನಾಗಿ ತಡೆಯುತ್ತದೆ. ಪಂಪು ಕೆಟ್ಟರೂ ಮಟ್ಟ ಇಳಿಯುತ್ತದೆ, ಏರಿ ಸೋರಿದರೂ ಇಳಿಯುತ್ತದೆ.

ಕರುಳಿನಲ್ಲಿ ಮಟ್ಟದ ಅಂತರವೆಂದರೆ ವಿಭವಾಂತರ. ಪಂಪು ಎಂದರೆ ಸೋಡಿಯಂ ಸಾಗಿಸುವ ವ್ಯವಸ್ಥೆ. ಏರಿ ಎಂದರೆ ಜೀವಕೋಶಗಳೂ ಅವುಗಳನ್ನು ಒಂದಕ್ಕೊಂದು ಹಿಡಿದಿಡುವ ಬಿಗಿ ಬೆಸುಗೆಗಳೂ. ಏರಿ ಎಷ್ಟು ಗಟ್ಟಿ ಎಂಬುದನ್ನು ಹೇಳುವ ಅಳತೆ ವಿದ್ಯುತ್ ರೋಧ. ಬೆಸುಗೆ ಸಡಿಲವಾದರೆ ಅಯಾನುಗಳು ಸಂದಿನಲ್ಲಿ ನುಸುಳುತ್ತವೆ, ರೋಧ ಇಳಿಯುತ್ತದೆ.

ಆರೋಗ್ಯವಂತರ ಗುದನಾಳದ ಒಳಪೊರೆಯಲ್ಲಿ ಈ ವಿಭವಾಂತರ ಕೆಲವು ಹತ್ತು ಮಿಲಿವೋಲ್ಟ್‌ಗಳಷ್ಟು ಇರುತ್ತದೆ. ಒಂದು ಟಾರ್ಚ್ ಸೆಲ್ಲಿನದು 1500 ಮಿಲಿವೋಲ್ಟ್. ಹೋಲಿಸಿದರೆ ಚಿಕ್ಕದೇ, ಆದರೆ ಸೂಕ್ಷ್ಮ ಮಾಪಕಕ್ಕೆ ಸ್ಪಷ್ಟವಾಗಿ ಸಿಗುವಂಥದು. ಉಪ್ಪಿನ ದ್ರಾವಣ ತುಂಬಿದ ತೆಳು ಕೊಳವೆಯೊಂದನ್ನು ಒಳಪೊರೆಗೆ ತಾಗಿಸಿ, ಇನ್ನೊಂದು ತುದಿಯನ್ನು ದೇಹದ ಬೇರೊಂದು ಕಡೆ ಜೋಡಿಸಿ ಇದನ್ನು ಅಳೆಯುತ್ತಾರೆ.

1973ರಲ್ಲಿ ‘ಗಟ್’ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಎಡ್ಮಂಡ್ಸ್ ಮತ್ತು ಪಿಲ್ಚರ್ ಎಂಬಿಬ್ಬರು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಮಾಡಿದ ಇಂಥ ಅಳತೆಗಳನ್ನು ಪ್ರಕಟಿಸಿದರು. ಉರಿಯೂತ ತೀವ್ರವಾಗಿದ್ದ ಕರುಳಿನಲ್ಲಿ ವಿಭವಾಂತರ ಕುಸಿದಿತ್ತು, ಸೋಡಿಯಂ ಹೀರುವ ಶಕ್ತಿಯೂ ಕುಂದಿತ್ತು. ಭೇದಿಯಲ್ಲಿ ನೀರು ಏಕೆ ಹೋಗುತ್ತದೆ ಎಂಬುದಕ್ಕೆ ಇಲ್ಲೊಂದು ಉತ್ತರ ಸಿಕ್ಕಿತು: ಎತ್ತುವ ಪಂಪು ಸೋತಿದೆ, ತಡೆಯುವ ಏರಿಯೂ ಸಡಿಲವಾಗಿದೆ.

ಏಡಿ ಬಿಲ ಹುಡುಕಿದವರು

ರೋಧವನ್ನು ಅಳೆಯುವುದರಲ್ಲಿ ಒಂದು ತೊಡಕಿತ್ತು. ಉರಿಯೂತ ಬಂದ ಗೋಡೆ ಊದಿಕೊಳ್ಳುತ್ತದೆ. ಮೇಲ್ಪದರ ಸೋರುತ್ತಿದ್ದರೂ ಅದರ ಕೆಳಗಿನ ಮಾಂಸಲ ಪದರ ದಪ್ಪವಾಗಿ, ಒಟ್ಟು ರೋಧ ಅಷ್ಟೇನೂ ಇಳಿಯದಂತೆ ತೋರಬಹುದು. ಬರ್ಲಿನ್‌ನ ಮಿಖಾಯೆಲ್ ಫ್ರೊಮ್, ಯೋರ್ಗ್-ಡೀಟರ್ ಶುಲ್ಟ್ಸ್‌ಕೆ ಮತ್ತು ಸಂಗಡಿಗರು ಇದಕ್ಕೆ ಪರ್ಯಾಯ ವಿದ್ಯುತ್ತಿನ ಮೊರೆಹೊಕ್ಕರು. ಜೀವಕೋಶದ ಪೊರೆ ಒಂದು ಕೆಪಾಸಿಟರ್ ಇದ್ದ ಹಾಗೆ. ವಿದ್ಯುತ್ತಿನ ಆವರ್ತನ ಹೆಚ್ಚಿಸುತ್ತ ಹೋದರೆ ಪೊರೆ ಅದಕ್ಕೆ ಅಡ್ಡಿಯೇ ಆಗುವುದಿಲ್ಲ. ಆಗ ಉಳಿಯುವುದು ಕೆಳಪದರದ ರೋಧ ಮಾತ್ರ. ಆವರ್ತನ ಕಡಿಮೆಯಿದ್ದಾಗ ಮೇಲ್ಪದರ, ಕೆಳಪದರ ಎರಡರ ರೋಧವೂ ಸೇರಿ ಸಿಗುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಕಳೆದರೆ ಏರಿಯ ನಿಜವಾದ ಬಲ ಗೊತ್ತಾಗುತ್ತದೆ. ಶಾಲೆಯ ಲೆಕ್ಕದಲ್ಲಿ ಸರಣಿ ಜೋಡಣೆಯ ರೋಧಗಳನ್ನು ಕೂಡಿ ಕಳೆಯುವ ವಿದ್ಯೆಗೆ ಇಷ್ಟು ದೊಡ್ಡ ಉಪಯೋಗ!

ಎಂಡೋಸ್ಕೋಪಿಯಲ್ಲಿ ತೆಗೆದ, ಕೆಲವೇ ಮಿಲಿಮೀಟರ್ ಅಗಲದ ಕರುಳಿನ ಚೂರುಗಳ ಮೇಲೆ ಈ ಅಳತೆ ನಡೆಯಿತು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೊಲೈಟಿಸ್ ಇದ್ದವರ ಮೇಲ್ಪದರದ ರೋಧ ಆರೋಗ್ಯವಂತರದಕ್ಕಿಂತ ಬಹಳ ಕಡಿಮೆ; ಬಿಗಿ ಬೆಸುಗೆಗಳ ರಚನೆಯೂ ಸಡಿಲ. 2001ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೋರುವ ಜಾಗಗಳನ್ನೇ ಬಿಂದು ಬಿಂದುವಾಗಿ ಗುರುತಿಸಿದರು. ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತಿದ್ದ ಭಾಗದಲ್ಲೂ, ಜೀವಕೋಶಗಳು ಸತ್ತು ಉದುರುವ ಸಣ್ಣ ಸಣ್ಣ ತಾಣಗಳಲ್ಲಿ ಸೋರಿಕೆ ಸಿಕ್ಕಿತು. ಕೆರೆ ಏರಿಯ ಹಿಂದೆ ಹುಲ್ಲು ಸರಿಸಿ ಏಡಿ ಬಿಲ ಹುಡುಕುವ ಹಿರಿಯರ ಕೆಲಸಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ.

ಮನೆಯಲ್ಲೇ ಒಂದು ಪ್ರಯೋಗ

ಇದನ್ನು ನಂಬಲು ಬರ್ಲಿನ್‌ಗೆ ಹೋಗಬೇಕಿಲ್ಲ. ಒಂದು ಹಸಿ ಆಲೂಗಡ್ಡೆ, ಎರಡು ಮೊಳೆ, ಶಾಲೆಯ ಪ್ರಯೋಗಾಲಯದಲ್ಲಿರುವ ಬ್ಯಾಟರಿಯ ಮಲ್ಟಿಮೀಟರ್ ಸಾಕು. ಮೊಳೆಗಳನ್ನು ಎರಡು ಸೆಂಟಿಮೀಟರ್ ಅಂತರದಲ್ಲಿ ಒಂದೇ ಆಳಕ್ಕೆ ಚುಚ್ಚಿ ರೋಧವನ್ನು ಬರೆದಿಟ್ಟುಕೊಳ್ಳಿ. ಮೊಳೆ ತೆಗೆದು, ಆಲೂಗಡ್ಡೆಯನ್ನು ಉಪ್ಪು ಹಾಕದ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಪೂರ್ತಿ ಆರಿದ ಮೇಲೆ ಅದೇ ಅಂತರದಲ್ಲಿ, ಅದೇ ಆಳದಲ್ಲಿ ಮತ್ತೆ ಅಳೆಯಿರಿ. ಮಾಪಕದ ಅಂಕಿ ತುಸು ಜಾರಾಡುತ್ತದೆ. ಆದರೂ ಬೆಂದ ಗಡ್ಡೆಯ ರೋಧ ಸ್ಪಷ್ಟವಾಗಿ ಕಡಿಮೆಯಾಗಿರುತ್ತದೆ. ಹಸಿ ಗಡ್ಡೆಯಲ್ಲಿ ಕೋಶಗಳ ಪೊರೆಗಳು ಅಯಾನುಗಳನ್ನು ತಡೆದಿದ್ದವು. ಬೆಂದಾಗ ಪೊರೆಗಳು ಒಡೆದವು, ದಾರಿ ತೆರೆಯಿತು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಮಾತ್ರ ಈ ಪ್ರಯೋಗಕ್ಕೆ ಯಾವ ಕಾರಣಕ್ಕೂ ಬಳಸಬಾರದು.

ಈ ಪ್ರಯೋಗ ಇನ್ನೊಂದು ಪಾಠವನ್ನೂ ಹೇಳುತ್ತದೆ. ಮೊಳೆಯ ಅಂತರ ಬದಲಾದರೆ ಅಂಕಿ ಬದಲಾಗುತ್ತದೆ. ಗಡ್ಡೆ ಬಿಸಿಯಿದ್ದರೂ ಬದಲಾಗುತ್ತದೆ. ಅಳೆಯಬೇಕಾದ ವಸ್ತುವಿಗೇ ಮೊಳೆ ತಾಗಿರಬೇಕು, ಅಳತೆಯ ಕ್ರಮ ಒಂದೇ ಇರಬೇಕು. ಇಲ್ಲದಿದ್ದರೆ ಅಂಕಿ ಬರುತ್ತದೆ, ಅರ್ಥ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಇಷ್ಟಾದರೂ ಕರುಳಿನ ಉರಿಯೂತ ಪತ್ತೆಗೆ ವೈದ್ಯರು ಇಂದು ವೋಲ್ಟ್‌ಮಾಪಕ ಹಿಡಿಯುವುದಿಲ್ಲ. ಮುಖ್ಯವಾಗಿ ಇದು ಈಗಲೂ ಸಂಶೋಧನೆಯ ಸಾಧನ. ರೋಧ ಇಳಿದಿದೆ ಎಂದರೆ ಏರಿ ಸೋರುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಏಕೆ ಸೋರುತ್ತಿದೆ ಎಂದು ತಿಳಿಯುವುದಿಲ್ಲ. ಸೋಂಕಿನಿಂದಲೂ ಸೋರಬಹುದು, ಕೊಲೈಟಿಸ್‌ನಿಂದಲೂ ಸೋರಬಹುದು.

ವೈದ್ಯರು ಮೊದಲು ಮಲಪರೀಕ್ಷೆ ಮಾಡಿಸಿ ಅಮೀಬಾ ಮತ್ತಿತರ ಸೋಂಕು ಇದೆಯೇ ನೋಡುತ್ತಾರೆ. ರಕ್ತಪರೀಕ್ಷೆಯಲ್ಲಿ ರಕ್ತಹೀನತೆ, ಇ.ಎಸ್.ಆರ್., ಸಿ.ಆರ್.ಪಿ. ನೋಡುತ್ತಾರೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೊಟೀನನ್ನು ಅಳೆಯುವ ಪರೀಕ್ಷೆಯೂ ಈಗ ಇದೆ. ಇದು ಬಿಳಿ ರಕ್ತಕಣಗಳಿಂದ ಬರುವ ಪ್ರೊಟೀನು. ಕರುಳಿಗೆ ಆ ಕಣಗಳು ಮುತ್ತಿಗೆ ಹಾಕಿದಷ್ಟೂ ಇದರ ಪ್ರಮಾಣ ಹೆಚ್ಚು. ಮಾದರಿಯನ್ನು ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರಾಯಿತು. ಉರಿಯೂತವಿಲ್ಲದೆ ಬರಿದೇ ತೊಳಸುವ ಕರುಳಿನ ತೊಂದರೆಯಿಂದ ನಿಜವಾದ ಉರಿಯೂತವನ್ನು ಬೇರ್ಪಡಿಸಲು ಇದು ಒಳ್ಳೆಯ ಸಹಾಯಕ. ಆದರೆ ಸೋಂಕು, ಕೆಲವು ನೋವಿನ ಮಾತ್ರೆಗಳು ಕೂಡ ಇದನ್ನು ಏರಿಸಬಲ್ಲವು. ಕೊನೆಯ ಮಾತು ಕೊಲೊನೋಸ್ಕೋಪಿ ಮತ್ತು ಅದರಲ್ಲಿ ತೆಗೆದ ಚೂರಿನ ಸೂಕ್ಷ್ಮದರ್ಶಕ ಪರೀಕ್ಷೆಯದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ಕಾಣಿಸಿಕೊಳ್ಳುವುದರಿಂದ ಈ ಪರೀಕ್ಷೆಯನ್ನು ತಪ್ಪಿಸಿ ಊಹೆಯ ಮೇಲೆ ಔಷಧಿ ನುಂಗುವುದು ಅಪಾಯ.

ಪತ್ತೆಯಾದರೆ ಎದೆಗುಂದಬೇಕಿಲ್ಲ. ಉರಿಯೂತ ತಗ್ಗಿಸುವ ಔಷಧಿಗಳಿವೆ. ಬಹಳ ಮಂದಿ ಓದು, ಉದ್ಯೋಗ, ಸಂಸಾರ ಎಲ್ಲವನ್ನೂ ನಡೆಸುತ್ತಾರೆ. ಆದರೆ ಹಗುರವೆನಿಸಿದೊಡನೆ ಔಷಧಿ ನಿಲ್ಲಿಸುವಂತಿಲ್ಲ. ಎಂಟು ಹತ್ತು ವರ್ಷ ಉರಿಯುತ್ತಲೇ ಇದ್ದ ದೊಡ್ಡ ಕರುಳಿನಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚುವುದರಿಂದ ವೈದ್ಯರು ಹೇಳಿದ ಕಾಲಕ್ಕೆ ತಪಾಸಣೆಯೂ ಬೇಕು.

ಸಲಾಕೆ ಹಿಡಿಸುವ ಯಂತ್ರ

ವಿದ್ಯುತ್ ಅಳತೆಯ ಹೆಸರಿನಲ್ಲಿ ಇನ್ನೊಂದು ಸಂಗತಿಯೂ ಊರೂರಿಗೆ ಬರುತ್ತದೆ. ಉಚಿತ ತಪಾಸಣೆ ಎಂದು ಕರೆದು, ಅಂಗೈಯಲ್ಲಿ ಲೋಹದ ಸಲಾಕೆ ಹಿಡಿಸಿ, ಒಂದೇ ನಿಮಿಷದಲ್ಲಿ ಯಕೃತ್ತು, ಮೂತ್ರಪಿಂಡ, ಕರುಳು ಎಲ್ಲದರ ‘ವರದಿ’ಯನ್ನು ಕಂಪ್ಯೂಟರಿನಿಂದ ಅಚ್ಚುಹಾಕಿ ಕೊಡುವ ಯಂತ್ರಗಳು. ವರದಿಯ ಬೆನ್ನಿಗೇ ಪುಡಿ, ಮಾತ್ರೆಗಳ ಮಾರಾಟ. ಆಲೂಗಡ್ಡೆಯ ಪಾಠವನ್ನು ಇಲ್ಲಿ ನೆನೆಯಬೇಕು. ಅಂಗೈಗೆ ತಾಗಿಸಿದ ಸಲಾಕೆಗೆ ಮುಖ್ಯವಾಗಿ ಸಿಗುವುದು ಚರ್ಮದ ರೋಧ; ಅದು ಬೆವರಿದರೆ ಇಳಿಯುತ್ತದೆ, ಒಣಗಿದರೆ ಏರುತ್ತದೆ. ಕರುಳಿನ ಒಳಪೊರೆಯ ಏರಿ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಕೆರೆಯ ಏರಿ ಸೋರುತ್ತಿದೆಯೇ ಎಂದು ಊರ ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಅದು. ಇಂಥ ವರದಿ ನಂಬಿ ಇಲ್ಲದ ರೋಗಕ್ಕೆ ಹಣ ಸುರಿಯುವುದು ಒಂದು ನಷ್ಟ. ಇರುವ ರೋಗವನ್ನು ‘ಎಲ್ಲ ಸರಿಯಿದೆ’ ಎಂದು ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಮಗ ಹೇಳಬೇಕಾದ ಮಾತು

ಹಾಸ್ಟೆಲಿನ ಆ ಹುಡುಗನಿಗೆ ಬೇಕಾಗಿರುವ ಮೊದಲ ಪರೀಕ್ಷೆ ಯಂತ್ರದ್ದಲ್ಲ, ಮಾತಿನದು. ಮಲದಲ್ಲಿ ರಕ್ತ ಕಂಡರೆ, ಭೇದಿ ಮೂರು ನಾಲ್ಕು ವಾರವಾದರೂ ನಿಲ್ಲದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಜ್ವರ ಬಿಟ್ಟು ಬಿಟ್ಟು ಬಂದರೆ, ಬೆಳೆಯುವ ಮಗು ಬೆಳೆಯದೆ ನಿಂತರೆ ಅದನ್ನು ಮನೆಯಲ್ಲಿ ಹೇಳಲೇಬೇಕು. ಹೇಳಿದ ಮಗನನ್ನು ‘ಹೊರಗಡೆ ತಿಂದದ್ದಕ್ಕೆ ಹೀಗಾಗಿದೆ’ ಎಂದು ಗದರದೆ, ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿಗೆ ಕರೆದೊಯ್ಯುವುದು ತಂದೆತಾಯಿಯ ಕೆಲಸ. ಅಲ್ಲಿಂದ ಮುಂದೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕೆ ಎಂಬುದನ್ನು ಅವರು ಹೇಳುತ್ತಾರೆ.

ಉಸ್ಸಿಂಗ್‌ನ ಪೆಟ್ಟಿಗೆಯಿಂದ ಬರ್ಲಿನ್‌ನ ಅಳತೆಗಳವರೆಗಿನ ವಿಜ್ಞಾನ ಕಲಿಸುವುದು ಇಷ್ಟೇ: ಒಳಗಿನ ಸೋರಿಕೆ ಹೊರಗಿನ ನೋವಿಗಿಂತ ಮೊದಲೇ ತೊಡಗಿರಬಹುದು, ನೋವು ನಿಂತ ಮೇಲೂ ಉಳಿದಿರಬಹುದು. ಏರಿಯ ಹಿಂದೆ ಒಸರು ಕಂಡ ದಿನವೇ ಮಣ್ಣು ಹೊತ್ತು ಹಾಕಿದ ಊರಿನ ಕೆರೆ ಉಳಿಯುತ್ತದೆ. ಅದನ್ನು ಕಂಡವನು ನಾಚಿಕೊಂಡು ಸುಮ್ಮನಿದ್ದರೆ ಕೆರೆಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ.